ಅಲ್ ಹೈಲ್‌ನ ಅಡುಗೆಮನೆಯಲ್ಲಿ ಪಾದರಸ

ಮಸ್ಕತ್‌ನ ಅಲ್ ಹೈಲ್ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಆ ಮಧ್ಯಾಹ್ನ ನಾನು ಒಂದೂವರೆ ತಾಸು ಮಲಗಿದ್ದೆ. ಹೊಟ್ಟೆಯಲ್ಲಿ ಏಳು ತಿಂಗಳ ಕೂಸು. ಹತ್ತು ಹೆಜ್ಜೆ ಆಚೆಗೆ, ಅಡುಗೆಮನೆಯ ಗ್ಯಾಸಿನ ಒಲೆಯ ಮೇಲೆ ಅಪ್ಪ ಪಾದರಸ ಸುಡುತ್ತಿದ್ದ. ಅದು ನನಗೆ ಗೊತ್ತಾಗಿದ್ದು ಎದ್ದ ಮೇಲೆ. ಆ ಒಂದೂವರೆ ತಾಸಿನಲ್ಲಿ ಎಷ್ಟು ಉಸಿರು ಎಳೆದುಕೊಂಡಿರಬಹುದು ಎಂದು ಆಮೇಲೆ ಲೆಕ್ಕ ಹಾಕುತ್ತ ಕೂತೆ.

ಅಪ್ಪ ಬಂದು ಮೂರು ವಾರವಾಗಿತ್ತು. ಬಾಣಂತನಕ್ಕೆ ಬರಬೇಕಾದವಳು ಅವ್ವ. ಅವಳ ಪಾಸ್‌ಪೋರ್ಟಿನಲ್ಲಿ ಏನೋ ತಕರಾರು ಎದ್ದು, ಅದು ಸರಿಯಾಗುವ ತನಕ ಮಗಳು ಒಬ್ಬಳೇ ಇರಬಾರದೆಂದು ಅಪ್ಪನನ್ನು ಮೊದಲು ಕಳಿಸಿದ್ದಳು. ನನ್ನ ಗಂಡ ಗುಡ್ಡಗಾಡಿನ ಕಡೆ ಒಂದು ತಾಮ್ರದ ಗಣಿಯಲ್ಲಿ ಭೂವಿಜ್ಞಾನಿ. ಇವರು ಭಾನುವಾರ ಬೆಳಿಗ್ಗೆ ಹೊರಟರೆ ಮನೆ ಮುಟ್ಟುವುದು ಗುರುವಾರ ಸಂಜೆ. ನಾನು ಸೀಬ್ ಕಡೆ ನೀರು ಪರೀಕ್ಷೆ ಮಾಡುವ ಒಂದು ಲ್ಯಾಬಿನಲ್ಲಿ ಕೆಮಿಸ್ಟ್. ಹಗಲೆಲ್ಲ ಅಪ್ಪ ಒಬ್ಬನೇ. ಟಿವಿ ಅವನಿಗೆ ಬೇಡ, ಹೊರಗೆ ಕಾಲಿಡಲಾಗದ ಬಿಸಿಲು. ಸುಮ್ಮನೆ ಕೂರುವುದು ಅವನ ಜಾಯಮಾನದಲ್ಲೇ ಇರಲಿಲ್ಲ.

ರಾಯಚೂರು ಕಡೆಯ ಒಂದು ಚಿನ್ನದ ಗಣಿಯಲ್ಲಿ ಅಪ್ಪ ಆಯುಷ್ಯವೆಲ್ಲ ದುಡಿದವನು. ನೆಲದಡಿ ಇಳಿದವನಲ್ಲ, ಕಲ್ಲು ಮೇಲೆ ಬಂದ ನಂತರದ ಕೆಲಸ ಅವನದು. ಅವನು ಸೇರಿದಾಗ ಅಲ್ಲಿ ಇನ್ನೂ ಹಳೇ ಪದ್ಧತಿಯೇ ನಡೆದಿತ್ತು. ಕಬ್ಬಿಣದ ಭಾರಿ ಒನಕೆಗಳು ಎದ್ದುಬಿದ್ದು ಕಲ್ಲನ್ನು ನುಚ್ಚು ಮಾಡುತ್ತಿದ್ದವು. ಆ ನುಚ್ಚು ನೀರಿನ ಜೊತೆ ಇಳಿಜಾರಿನ ತಾಮ್ರದ ಹಲಗೆಗಳ ಮೇಲೆ ಹರಿಯುತ್ತಿತ್ತು. ಹಲಗೆಗೆ ಬಳಿದ ಪಾದರಸ ಚಿನ್ನದ ಕಣವನ್ನಷ್ಟೇ ಹಿಡಿದುಕೊಂಡು ಮಿಕ್ಕದ್ದನ್ನು ಬಿಟ್ಟುಬಿಡುತ್ತಿತ್ತು. ಅಪ್ಪ ಅದನ್ನು ಕೆರೆದು ತೆಗೆದು, ಬೆಣ್ಣೆಯಂಥ ಆ ಮುದ್ದೆಯನ್ನು ಬಟ್ಟೆಯಲ್ಲಿಟ್ಟು ಹಿಂಡಿ, ಉಳಿದ ಗಟ್ಟಿಯನ್ನು ಬೆಂಕಿಗೆ ಕಳಿಸುತ್ತಿದ್ದ. ಬೆಂಕಿಗೆ ಪಾದರಸ ಹಾರಿಹೋಗಿ ಚಿನ್ನ ಉಳಿಯುತ್ತದೆ. ಕಾಲೇಜಿನಲ್ಲಿ ನಮ್ಮ ಮೇಷ್ಟ್ರು ಇದನ್ನೇ ನೂರಾರು ವರ್ಷ ಹಿಂದಿನ ಕ್ರಮವೆಂದು ಪಾಠ ಮಾಡುವಾಗ, ನಮ್ಮಪ್ಪನ ಕೈ ಪಳಗಿದ್ದು ಅದರಲ್ಲೇ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಾಗಿತ್ತು. ಮುಂದೆ ಗಣಿಯವರು ಆ ಹಲಗೆಗಳನ್ನೆಲ್ಲ ಕಿತ್ತುಹಾಕಿ ಬೇರೆ ಪದ್ಧತಿ ತಂದರು. ಅಪ್ಪ ಬೇರೆ ವಿಭಾಗಕ್ಕೆ ಹೋದ. ಒನಕೆಯ ಸದ್ದಿಗೆ ಕಿವಿ ಅಷ್ಟೊತ್ತಿಗಾಗಲೇ ಮಂದವಾಗಿತ್ತು.

ಅವನು ಬಂದ ಮೊದಲ ಶುಕ್ರವಾರ ಇವರು ನಮ್ಮಿಬ್ಬರನ್ನೂ ಗುಡ್ಡದ ಕಡೆ ಕರೆದುಕೊಂಡು ಹೋದರು. ಅಲ್ಲೊಂದು ಪುರಾತನ ಗಣಿಯ ಜಾಗವಿದೆ. ಅದಿರು ಕರಗಿಸಿ ಉಳಿದ ಕಾಗೆ ಬಣ್ಣದ ಕಿಟ್ಟದ ಗುಡ್ಡೆಗಳು, ಬಂಡೆಯಲ್ಲಿ ಮನುಷ್ಯ ಬಗ್ಗಿ ಹೋಗುವಷ್ಟು ಒಂದು ಬಾಯಿ. ಇವರು ಏನೋ ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಆ ಗೋಡೆಯ ಮೇಲೆ ಕೈಯಾಡಿಸಿ ನಿಂತಿದ್ದ.

“ಇಲ್ಲಿ ಕಟಗಿ ಒಟ್ಟಿ ಬೆಂಕಿ ಹಚ್ಯಾರ” ಎಂದ. “ಬಂಡಿ ಕೆಂಪಗ ಕಾದಮ್ಯಾಲೆ ನೀರು ಸುರುವ್ಯಾರ. ಕಲ್ಲು ತಾನ ಬಿರೀತೈತಿ. ಆಮ್ಯಾಲೆ ಸಣ್ಣ ಬೆಣಿ ಬಡದ್ರ ಸಾಕು, ಚಕ್ಕಿ ಚಕ್ಕಿ ಬರ್ತೈತಿ. ನೋಡ್ರಿ ಅಳಿಯಂದಿರ, ಉಳಿ ಪೆಟ್ಟಿದ್ರ ಅಂಚು ಹರಿತ ಇರತೈತಿ. ಇದು ಬಟ್ಟಲದಂಗ ಗುಂಡಗ ಐತಿ.”

ಇವರ ಮುಖ ಅರಳಿತು. “ಮಾವಾರ, ನಮ್ಮ ಕಂಪನಿಗೆ ಬಂದ್ಬಿಡ್ರಿ ನೀವು” ಎಂದರು. ಅಪ್ಪ ಅಷ್ಟು ಖುಷಿಯಾಗಿ ನಕ್ಕದ್ದನ್ನು ನಾನು ಬಹಳ ವರ್ಷದಿಂದ ಕಂಡಿರಲಿಲ್ಲ. ವಾಪಸ್ ಬರುವಾಗ ರಸ್ತೆ ಪಕ್ಕದಲ್ಲಿ, ಯಾರೋ ಗುಡ್ಡ ಕಡಿದು ಸುರಿದಿದ್ದ ರಾಶಿಯಲ್ಲಿ ತುಕ್ಕು ಬಣ್ಣದ ನಾಲ್ಕೈದು ಕಲ್ಲು ಆರಿಸಿ ಕಾರಿನಲ್ಲಿ ಹಾಕಿಕೊಂಡ. ಇದರಲ್ಲಿ ಚಿನ್ನ ಐತಿ ಎಂದ. ಇವರು ಒಂದು ಚೂರನ್ನು ತಮ್ಮ ಲ್ಯಾಬಿಗೆ ಒಯ್ದರು. ಮುಂದಿನ ಗುರುವಾರ ಬಂದು, ಹೇಳಿಕೊಳ್ಳುವಂಥದ್ದೇನೂ ಇಲ್ಲ ಮಾವಾರ ಎಂದು ಮೆತ್ತಗೆ ಹೇಳಿದರು.

“ನೀವು ಕೊಟ್ಟ ಚೂರಿನಾಗ ಇರಲಿಕ್ಕಿಲ್ಲ. ಉಳದದ್ರಾಗ ಐತಿ” ಎಂದ ಅಪ್ಪ.

ನಾನು ಸುಮ್ಮನಿರಬಹುದಿತ್ತು. ಆ ದಿನ ಆಫೀಸಿನಲ್ಲಿ ತಲೆ ಕೆಟ್ಟಿತ್ತು, ಕಾಲು ಊದಿದ್ದವು. “ಅಪ್ಪಾ, ಮಷೀನು ಇಲ್ಲ ಅಂದಮ್ಯಾಲೆ ಇಲ್ಲ. ನಿನ್ನ ಕಣ್ಣಳತಿ ಕಾಲ ಎಂದೋ ಮುಗದೈತಿ” ಎಂದುಬಿಟ್ಟೆ. ಅಪ್ಪ ತಟ್ಟೆಯಲ್ಲಿದ್ದ ರೊಟ್ಟಿ ಮುಗಿಸಿ ಎದ್ದು ಹೋದ.

ಮರುದಿನದಿಂದ ಕುಟ್ಟುವುದು ಶುರುವಾಯಿತು. ಹಿತ್ತಾಳೆಯ ಕುಟ್ಟಾಣಿಯಲ್ಲಿ ಕಲ್ಲು ಕುಟ್ಟಿ, ಹಿಟ್ಟು ಮಾಡಿ, ನಾನು ರೊಟ್ಟಿಗೆ ಹಿಟ್ಟು ನಾದುವ ಪರಾತದಲ್ಲಿ ಹಾಕಿಕೊಂಡು ಬಾಲ್ಕನಿಯಲ್ಲಿ ಕೂತು ನೀರು ಬಿಟ್ಟು ತೂಗುತ್ತಿದ್ದ. ಅವನ ಅಜ್ಜಂದಿರು ಜಲಗಾರರು, ಹಳ್ಳದ ಮರಳು ತೊಳೆದು ಚಿನ್ನ ತೆಗೆಯುತ್ತಿದ್ದವರು; ತೂಗುವ ಆ ಕೈಮಾಟ ಅಲ್ಲಿಂದ ಬಂದದ್ದು. ಕೆಂಪು ನೀರು ಚೆಲ್ಲಿ ಚೆಲ್ಲಿ ಕೊನೆಗೆ ತಳದಲ್ಲಿ ಒಂದು ಚಮಚದಷ್ಟು ಕರಿ ಮರಳು ಉಳಿಸಿದ್ದ. ನನ್ನ ಪರಾತ ಕೆಟ್ಟಿತೆಂದು ಗೊಣಗಿದೆನೇ ಹೊರತು ಬೇರೆ ಯೋಚನೆ ನನಗೆ ಬರಲಿಲ್ಲ. ಪಾದರಸವಿಲ್ಲದೆ ಮುಂದಿನ ಹೆಜ್ಜೆ ಇಲ್ಲ, ಮಸ್ಕತ್‌ನಲ್ಲಿ ಅವನಿಗೆ ಪಾದರಸ ಕೊಡುವವರು ಯಾರು?

ಕೊಟ್ಟವರು ಮೇಲಿನ ಮಹಡಿಯ ನಮ್ಮ ನೆರೆಯವರು. ಉಡುಪಿ ಕಡೆಯ ತುಳು ಮನೆಮಾತಿನವರು. ಕ್ಲಿನಿಕ್ಕುಗಳ ಯಂತ್ರಗಳನ್ನು ರಿಪೇರಿ ಮಾಡುವುದು ಅವರ ಕೆಲಸ. ಅವರ ಮನೆಯಲ್ಲಿ ಬಿಪಿ ನೋಡುವ, ಪಾದರಸದ ಕೊಳವೆಯಿರುವ ಹಳೇ ಪೆಟ್ಟಿಗೆಯೊಂದು ಮೂಲೆಗೆ ಬಿದ್ದಿತ್ತು. ಅದನ್ನು ಅಪ್ಪ ಕೇಳಿ ಇಸಿದುಕೊಂಡಿದ್ದ.

ಆ ದಿನ ಸೋಮವಾರ. ಲ್ಯಾಬಿನಲ್ಲಿ ತಲೆ ಸುತ್ತಿದಂತಾಗಿ ಮಧ್ಯಾಹ್ನವೇ ಮನೆಗೆ ಬಂದೆ. ಅಪ್ಪ ಬಾಗಿಲು ತೆಗೆದವನು ಒಂದು ಗಳಿಗೆ ಗಾಬರಿಯಾದಂತೆ ಕಂಡ. “ಊಟ ಮಾಡೀ?” ಎಂದ. ಮಾಡಿದೆನೆಂದು ಹೇಳಿ, ಕೋಣೆಯ ಬಾಗಿಲನ್ನೂ ಹಾಕದೆ ಹಾಸಿಗೆಗೆ ಬಿದ್ದೆ. ಕಿಟಕಿಗಳೆಲ್ಲ ಬಿಗಿಯಾಗಿ ಮುಚ್ಚಿದ್ದವು, ಎರಡೂ ಎಸಿ ಓಡುತ್ತಿದ್ದವು. ಬೇಸಿಗೆಯಲ್ಲಿ ಇಲ್ಲಿ ಎಲ್ಲರ ಮನೆಯೂ ಹಾಗೆಯೇ.

ಎದ್ದು ನೀರು ಕುಡಿಯಲು ಅಡುಗೆಮನೆಗೆ ಹೋದೆ. ಅಪ್ಪ ಒಲೆಯ ಮುಂದೆ ನಿಂತಿದ್ದ. ಬೆಂಕಿಯ ಮೇಲೆ ಒಗ್ಗರಣೆಯ ಕಬ್ಬಿಣದ ಸೌಟು, ಅದರ ಮೇಲೆ ಅರ್ಧಕ್ಕೆ ಕೊಯ್ದ ಆಲೂಗಡ್ಡೆಯೊಂದು ಬೋರಲು. ಅವನೇನೋ ಹಳೇ ಕಾಲದ ತಿಂಡಿ ಮಾಡುತ್ತಿದ್ದಾನೆಂದು ನನಗೆ ನಗು ಬಂತು. ಆಮೇಲೆ ಕಟ್ಟೆಯ ಅಂಚಿನಲ್ಲಿ ಒಂದು ಹನಿ ಕಂಡಿತು. ಬೆಳ್ಳಿಯ ಹಾಗೆ ಹೊಳೆಯುತ್ತ, ಸಾಸಿವೆಯಷ್ಟು ಗುಂಡಗೆ. ನಾನು ಕಟ್ಟೆಗೆ ಕೈ ಊರಿದ ಅದುರಿಗೆ ಉರುಳಿ ನೆಲಕ್ಕೆ ಬಿದ್ದು ಹತ್ತಾಯಿತು.

“ಅಪ್ಪಾ, ಇದೇನು?”

“ಮುಗೀತು ಮುಗೀತು” ಎಂದ ಸೌಟಿನ ಮೇಲಿನ ಕಣ್ಣು ತೆಗೆಯದೆ. “ಹೊಗಿ ಎಲ್ಲಾ ಆಲೂಗಡ್ಡಿ ಹೀರತೈತಿ. ಪಾದರಸನೂ ವಾಪಸ್ ಸಿಗತೈತಿ. ಇನ್ನ ಎರಡು ಮಿನಿಟು, ನಿನ್ನ ಕೂಸಿಗೆ ಚಿನ್ನ ತೋರಸ್ತೀನಿ.”

ನಾನು ಒಲೆ ಆರಿಸಿದೆ. ಅವನ ತೋಳು ಹಿಡಿದು ಎಳೆದೆ. ಅವನು ಕದಲಲಿಲ್ಲ. ಎಪ್ಪತ್ತರ ಮುದುಕನಾದರೂ ಒನಕೆಯ ಮನೆಯಲ್ಲಿ ದುಡಿದ ಮೈ.

“ಎಷ್ಟೊತ್ತಾತು ಹಚ್ಚಿ?”

“ನೀ ಬರೋಕಿಂತ ಮುಂಚೇನ ಹಚ್ಚಿದ್ದೆ. ಸಣ್ಣ ಉರಿ.”

“ಆ ಫ್ಯಾನು ಯಾಕ ಹಾಕಿಲ್ಲ?” ಹೊಗೆ ಹೊರಗೆ ಎಳೆಯುವ ಫ್ಯಾನು ತಲೆಯ ಮೇಲೆ ಸುಮ್ಮನೆ ನಿಂತಿತ್ತು.

“ಅದು ಭಾಳ ಸಪ್ಪಳ ಮಾಡ್ತೈತಿ. ನೀ ಮಲಗಿದ್ದೆಲ್ಲ, ಬಂದ್ ಮಾಡಿದೆ. ಎಸಿ ಗಾಳಿ ಬಿಡಾಕತ್ತೈತಲ್ಲ, ಒಯ್ತೈತಿ.”

ಅವನ ಮಟ್ಟಿಗೆ ಎಸಿ ಎಂದರೆ ಗಾಳಿ. ಗಾಳಿ ಎಂದರೆ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಗೆ ಹೋಗುವಂಥದ್ದು. ಎಸಿ ಮನೆಯೊಳಗಿನದನ್ನೇ ಎಳೆದು, ತಣ್ಣಗೆ ಮಾಡಿ, ಮನೆಯೊಳಗೇ ಬಿಡುತ್ತದೆ ಎಂದು ಅವನಿಗೆ ಯಾರು ಹೇಳಿದ್ದರು? ನಾನೇ ಹೇಳಿರಲಿಲ್ಲ. ಪಾದರಸದ ಆವಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಅದು ತಾಯಿಯ ರಕ್ತದಿಂದ ಕೂಸಿನ ರಕ್ತಕ್ಕೆ ಸಲೀಸಾಗಿ ದಾಟುತ್ತದೆ, ಕೂಸಿನ ಮಿದುಳಿಗೆ ಹೋಗುತ್ತದೆ. ಇದನ್ನು ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದಿದ್ದೆ. ಈಗ ಆ ಪುಟ ಕಣ್ಣ ಮುಂದೆ ಬಂದು ನಿಂತಿತು.

ಆಮೇಲಿನದೆಲ್ಲ ಅವಸರ. ಎಸಿ ಆರಿಸಿದೆ, ಬಾಲ್ಕನಿಯ ಬಾಗಿಲು ತೆಗೆದೆ, ಕುಲುಮೆಯಂಥ ಗಾಳಿ ನುಗ್ಗಿತು. ಅಪ್ಪ ಸೌಟು ಹಿಡಿದೇ ನಿಂತಿದ್ದ. “ಅದನ್ನ ಬಿಡು, ಅದು ಹೊಟ್ಟ್ಯಾಗಿನ ಕೂಸಿಗೆ ಹೋಗತೈತಿ” ಎಂದು ಕಿರುಚಿದೆ. ಹುಟ್ಟಿದಂದಿನಿಂದ ಅಪ್ಪನ ಮೇಲೆ ನಾನು ಹಾಗೆ ಕಿರುಚಿರಲಿಲ್ಲ. ಅವನು ಸೌಟನ್ನು ಮೆಲ್ಲಗೆ ಒಲೆಯ ಮೇಲೆ ಇಟ್ಟು, ಬುಟ್ಟಿಯತ್ತ ನೋಡಿದ. ಹಿಂದಿನ ವಾರ ಅಲ್ ಮವಾಲೇಹ್ ಮಾರ್ಕೆಟ್ಟಿನಿಂದ ತಂದ ಆಲೂಗಡ್ಡೆಗಳ ಮೇಲೆ, ಪಾದರಸ ಹೀರಿಕೊಂಡ ಮೊದಲ ಹೋಳನ್ನು ಅವನು ಆರಲೆಂದು ಇಟ್ಟಿದ್ದ. ಆ ಸಂಜೆ ಪಲ್ಯಕ್ಕೆಂದು ಇದ್ದ ಆಲೂಗಡ್ಡೆಗಳು.

ಮೇಲಿನ ಮಹಡಿಗೆ ಮೆಟ್ಟಿಲು ಹತ್ತಿ ಹೋದೆವು. ನೆರೆಯಾಕೆ ಬಾಗಿಲು ತೆರೆದು ನನ್ನ ಮುಖ ನೋಡಿದ್ದೇ ಒಳಗೆ ಎಳೆದುಕೊಂಡರು. “ಬಟ್ಟೆ ಎಲ್ಲ ತೆಗ್ದು ಹಾಕಿ, ಸ್ನಾನ ಮಾಡಿ. ನನ್ನ ನೈಟಿ ಉಂಟು” ಎಂದರು. ಅವರ ಯಜಮಾನರು ವಿಷಯ ಕೇಳಿ ಕುರ್ಚಿಯಲ್ಲಿ ಕುಸಿದು ಕೂತರು.

“ಅಂಕಲ್ ಬಂದು ಕೇಳಿದ್ರು ಮಾರಾಯ್ರೆ. ಊರಿನ ಎಂತದೋ ಔಷಧಿಗೆ ಅಂತ ನೆನೆಸಿದೆ ನಾನು. ಒಲೆ ಮೇಲೆ ಇಡ್ತಾರೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು?”

ಅವರ ಮೇಲೆ ಕೂಗಾಡುವ ತ್ರಾಣ ನನಗಿರಲಿಲ್ಲ. ಅವರೇ ಕಾರು ತೆಗೆದು ಆಸ್ಪತ್ರೆಗೆ ಕರೆದೊಯ್ದರು. ದಾರಿಯುದ್ದಕ್ಕೂ ಅಪ್ಪ ಹಿಂದಿನ ಸೀಟಿನಲ್ಲಿ ಕೂತು, ಒಂದೇ ಮಾತನ್ನು ಮೂರು ಸಲ ಹೇಳಿದ: “ಏನೂ ಆಗಂಗಿಲ್ಲವ್ವಾ. ನಾ ಬರೇ ಕೈಲೆ ಹಿಡದು ದುಡದೀನಿ. ನನಗೇನಾಗೇತಿ?”

ನನ್ನನ್ನು ನೋಡುತ್ತಿದ್ದ ಡಾಕ್ಟರಮ್ಮ ಕೇರಳದವರು. ನಮ್ಮೊಡನೆ ಹಿಂದಿಯಲ್ಲಿ ಮಾತಾಡುತ್ತಿದ್ದರು. ಉರ್ದು ಕೇಳಿ ಬೆಳೆದ ರಾಯಚೂರಿನವನಾದ್ದರಿಂದ ಅಪ್ಪನಿಗೆ ಹಿಂದಿ ಒಂದಕ್ಷರವೂ ತಪ್ಪದೆ ತಿಳಿಯುತ್ತದೆ. ಅವರು ಕೂಸಿನ ಎದೆಬಡಿತ ಕೇಳಿಸಿದರು. ಸ್ಕ್ಯಾನ್ ಮಾಡಿದರು. ಸದ್ಯಕ್ಕೆ ಎಲ್ಲ ಸರಿಯಿದೆ, ಆದರೆ ರಕ್ತ ಮತ್ತು ಮೂತ್ರದ ಪರೀಕ್ಷೆ ಹೊರದೇಶದ ಲ್ಯಾಬಿಗೆ ಹೋಗಬೇಕು, ಎಂಟು ಹತ್ತು ದಿನ ಆದೀತು ಎಂದರು. ಅಪ್ಪನದೂ ತೆಗೆಸಿ ಎಂದರು. ಆ ಮಾತಿಗೆ ಅಪ್ಪ ಕೈ ಚಾಚಿದಾಗ ಅವರು ಅವನ ಬೆರಳುಗಳನ್ನೇ ನೋಡಿದರು. ಕಾಗದ ಕೊಟ್ಟು ಹೆಸರು ಬರೆಯಿರಿ ಎಂದರು. ಅಕ್ಷರಗಳು ಗೀಚುಗೀಚಾಗಿ ಬಂದವು.

ಕೈ ಯಾವಾಗಿನಿಂದ ನಡುಗುತ್ತದೆ, ವಸಡಿನ ತೊಂದರೆ ಇತ್ತೇ, ಸಣ್ಣದಕ್ಕೆಲ್ಲ ಸಿಟ್ಟು ಬರುತ್ತದೆಯೇ, ನಾಲ್ಕು ಜನರ ಮುಂದೆ ಬರಲು ಹಿಂಜರಿಕೆಯೇ ಎಂದು ಅವರು ಪಾದರಸದ ಲಕ್ಷಣಗಳನ್ನು ಒಂದೊಂದಾಗಿ ಕೇಳುತ್ತ ಹೋದರು. ಅಪ್ಪ ಹೌದೆನ್ನುತ್ತ ಹೋದ. ನಾನು ಕೇಳುತ್ತ ಕೂತೆ. ನಲವತ್ತಕ್ಕೇ ಹಲ್ಲು ಉದುರಿದ ಅಪ್ಪ, ಮದುವೆ ಮುಂಜಿಗೆ ಬಾರದೆ ಮನೆಯಲ್ಲಿ ಉಳಿಯುತ್ತಿದ್ದ ಅಪ್ಪ, ಸಾರಿಗೆ ಉಪ್ಪು ಕಡಿಮೆಯಾದರೆ ತಟ್ಟೆ ಎಸೆಯುತ್ತಿದ್ದ ಅಪ್ಪ. ಇವನ ಸ್ವಭಾವವೇ ಹೀಗೆ ಎಂದು ನಾನೂ ಅವ್ವನೂ ಬೈದುಕೊಂಡಿದ್ದೆವು. ನನಗೆ ಅವನ ಮೇಲೆ ಹೇಳಲಾಗದಷ್ಟು ಮರುಕ ಬಂತು. ಅದರ ಜೊತೆಗೇ, ನನ್ನ ಕೂಸಿಗೆ ಹೀಗೆ ಮಾಡಿದನಲ್ಲ ಎಂಬ ಸಿಟ್ಟೂ ಒಂದಿಷ್ಟೂ ಇಳಿಯಲಿಲ್ಲ.

ಆಮೇಲೆ ಡಾಕ್ಟರಮ್ಮ ನನ್ನ ಕಡೆ ತಿರುಗಿದರು. ಗರ್ಭಪಾತವೇನಾದರೂ ಆಗಿತ್ತೇ ಎಂದರು. ಇಲ್ಲ ಎಂದೆ. ನಿಮ್ಮ ತಾಯಿಗೆ?

“ನನಗಿಂತ ಮೊದಲು ಎರಡು” ಎಂದೆ. “ಎರಡೂ ದಿನ ತುಂಬಿದ ಮೇಲೆ, ಹುಟ್ಟುವಾಗಲೇ ಉಸಿರಿರಲಿಲ್ಲ.”

ಅವರು ಬರೆದುಕೊಂಡರು. ಪೆನ್ನು ನಿಲ್ಲಿಸಿ ಅಪ್ಪನನ್ನು ಕೇಳಿದರು, ಈ ಸುಡುವ ಕೆಲಸವನ್ನು ನೀವು ಮನೆಯಲ್ಲೂ ಮಾಡುತ್ತಿದ್ದಿರಾ?

ಮಾಡುತ್ತಿದ್ದ. ಅದು ನನಗೂ ಗೊತ್ತಿತ್ತು. ಗಣಿಯ ತ್ಯಾಜ್ಯದ ದಿಬ್ಬದ ಕೆಳಗಿನ ಹಳ್ಳದಲ್ಲಿ ರಜೆಯ ದಿನ ಮರಳು ತೊಳೆಯುವುದು ಆ ಊರಿನ ಎಷ್ಟೋ ಮನೆಗಳ ರೂಢಿ. ಒಂದು ಚಿಕ್ಕ ಸೀಸೆಯಲ್ಲಿ ಪಾದರಸವೂ ಮನೆಗೆ ಬರುತ್ತಿತ್ತು. ಈ ಕಥೆಗಳನ್ನು ಅಪ್ಪನೇ ಹೇಳುತ್ತಿದ್ದ.

“ಘರ್ ಕೆ ಪೀಛೆ. ಖುಲ್ಲೇ ಮೇ” ಎಂದ ಅಪ್ಪ. ಮನೆಯ ಹಿಂದೆ, ಬಯಲಿನಲ್ಲಿ. ಡಾಕ್ಟರಮ್ಮ ತಲೆಯಾಡಿಸಿ ಕಾಗದ ಮಡಚಿದರು. ಬಯಲಾದರೆ ಗಾಳಿಗೆ ಹೋಗಿರುತ್ತದೆ ಎಂದು ನನಗೂ ಸಮಾಧಾನವಾಯಿತು.

ಇವರು ಮೂರು ತಾಸು ಕಾರು ಓಡಿಸಿಕೊಂಡು ಆ ಸಂಜೆಯೇ ಬಂದರು. ಮರುದಿನ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಕೆಳಗಿನ ನಮ್ಮ ಫ್ಲ್ಯಾಟಿಗೆ ಇಳಿದು, ಹನಿಗಳನ್ನು ಒಂದೊಂದಾಗಿ ಟೇಪಿಗೆ ಅಂಟಿಸಿ ತೆಗೆದರು, ಸಂದುಗೊಂದಿಗಳಿಗೆ ಪಾದರಸವನ್ನು ಹಿಡಿದಿಡುವ ಗಂಧಕದ ಪುಡಿ ಉದುರಿಸಿದರು. ಕಾರ್ಪೆಟ್ಟು, ಪರಾತ, ಕುಟ್ಟಾಣಿಗಳನ್ನು ಒಲೆಯ ಸಮೇತ ಹೊರಗೆ ಹಾಕಿಸಿದರು. ಕಿಟಕಿಗಳನ್ನು ಹಗಲಿರುಳು ತೆರೆದಿಟ್ಟರು. ನಾವು ಮೇಲಿನ ಮನೆಯಲ್ಲೇ ಉಳಿದೆವು. ಸ್ವಚ್ಛ ಮಾಡುವಾಗ ಸೌಟಿನ ತಳದಲ್ಲಿ ಹಳದಿಯ ಒಂದು ಕಣ ಸಿಕ್ಕಿತಂತೆ, ಗಸಗಸೆಗಿಂತ ಸಣ್ಣದು. ಇವರು ಅದನ್ನು ಚಿಕ್ಕ ಬಾಟಲಿಗೆ ಹಾಕಿಕೊಂಡು ಬಂದರು.

“ಮಾವಾರ, ನೀವು ಹೇಳಿದ್ದು ಖರೇ. ಇತ್ತು.”

ಅಪ್ಪ ಅದರ ಕಡೆ ನೋಡಲೂ ಇಲ್ಲ. “ಒಗೀರಿ ಅದನ್ನ” ಎಂದ.

ಆ ದಿನಗಳಲ್ಲಿ ನನಗಿದ್ದ ಕೆಲಸ ಒಂದೇ, ಕೂಸಿನ ಒದೆತ ಎಣಿಸುವುದು. ಊಟವಾದ ಮೇಲೆ ಎಡ ಮಗ್ಗುಲಿಗೆ ಮಲಗಿ ಹತ್ತು ಒದೆತ ಎಣಿಸಬೇಕು, ಎರಡು ತಾಸಿನೊಳಗೆ ಹತ್ತು ಬರದಿದ್ದರೆ ಕೂಡಲೇ ಬನ್ನಿ ಎಂದಿದ್ದರು ಡಾಕ್ಟರಮ್ಮ. ಮೊದಲ ನಾಲ್ಕು ದಿನ ಕೂಸು ಬೇಗಬೇಗ ಒದ್ದು ಮುಗಿಸುತ್ತಿತ್ತು. ಅಪ್ಪ ಬಾಗಿಲ ಹೊರಗೆ ಕೂತಿರುತ್ತಿದ್ದ. “ಎಷ್ಟಾತು?” ಎಂದು ಕೇಳುತ್ತಿದ್ದ. ನಾನು ಉತ್ತರ ಕೊಡುತ್ತಿರಲಿಲ್ಲ. ನೆರೆಯಾಕೆ ಹೊರಗೆ ಹೋಗಿ ಅವನಿಗೆ ಹೇಳಿ ಬರುತ್ತಿದ್ದರು. ಅಷ್ಟು ಕಠಿಣವಾಗಿದ್ದೆ ನಾನು. ಅದಕ್ಕೆ ಈಗ ನಾಚಿಕೆಯಾಗುತ್ತದೆ.

ಐದನೆಯ ದಿನ ಕೂಸು ಅಲುಗಲಿಲ್ಲ. ಅರ್ಧ ತಾಸು ಕಾದೆ, ಒಂದು ತಾಸು ಕಾದೆ. ಎರಡು ಸಲ ಏನೋ ಸರಿದಂತಾಗಿದ್ದನ್ನು ಎಣಿಸಬೇಕೋ ಬೇಡವೋ ತಿಳಿಯಲಿಲ್ಲ. ನೆರೆಯಾಕೆ ತಣ್ಣಗಿನ ಶರಬತ್ತು ಕುಡಿಸಿದರು, ಎರಡು ಖರ್ಜೂರ ತಿನ್ನಿಸಿದರು. ಹೊಟ್ಟೆಯ ಮೇಲೆ ಕೈಯಿಟ್ಟು ಕರೆದೆ, ತಟ್ಟಿದೆ. ಇವರು ಕಾರಿನ ಕೀಲಿ ಹಿಡಿದು ನಿಂತಿದ್ದರು. “ಹೋಗೋಣ, ಯಲ್ಲಾ” ಎಂದು ಇಲ್ಲಿನ ಅರಬ್ಬರ ಹಾಗೆ ಅವಸರಪಡಿಸಿದರು ನೆರೆಯವರು. ನನಗೆ ಏಳಲು ಭಯ. ಆಸ್ಪತ್ರೆಗೆ ಹೋದರೆ ಅವರು ಏನನ್ನಾದರೂ ಹೇಳಿಬಿಡುತ್ತಾರೆ, ಇಲ್ಲೇ ಮಲಗಿದ್ದರೆ ಹೇಳುವವರು ಯಾರೂ ಇಲ್ಲ ಎಂಬ ಹುಚ್ಚು ಯೋಚನೆ. ಬಾಗಿಲಾಚೆ ಅಪ್ಪ ಈ ಸಲ ಎಷ್ಟಾಯಿತೆಂದು ಕೇಳಲಿಲ್ಲ.

ಚಪ್ಪಲಿ ಮೆಟ್ಟಲು ಬಗ್ಗಿದಾಗ ಕೂಸು ಪಕ್ಕೆಲುಬಿಗೆ ಒದ್ದಿತು. ಮತ್ತೆ ಒದ್ದಿತು. ನಾನು ಅಲ್ಲೇ ನೆಲದ ಮೇಲೆ ಕೂತು ಹತ್ತರ ತನಕ ಜೋರಾಗಿ ಎಣಿಸಿದೆ, ಅಪ್ಪನಿಗೂ ಕೇಳಲಿ ಎಂದು. ತಲೆಯೆತ್ತಿ ನೋಡಿದರೆ ಅವನು ಗೋಡೆಗೆ ಹಣೆ ಹಚ್ಚಿ ನಿಂತಿದ್ದ.

ಒಂಬತ್ತನೆಯ ದಿನ ವರದಿ ಬಂತು. ಡಾಕ್ಟರಮ್ಮ ಓದಿ ಮೊದಲು ನನ್ನ ಕೈ ಒತ್ತಿದರು. ನನ್ನ ರಕ್ತದಲ್ಲಿ ಇರಬೇಕಾದ್ದಕ್ಕಿಂತ ತುಸು ಹೆಚ್ಚಿದೆ, ಆದರೆ ಹೆದರುವ ಮಟ್ಟಕ್ಕೆ ಬಹಳ ಕೆಳಗಿದೆ, ಅದೂ ಇಳಿಯುತ್ತ ಹೋಗುತ್ತದೆ. ಕೂಸಿನ ಬೆಳವಣಿಗೆ ಚೆನ್ನಾಗಿದೆ. ಅಪ್ಪನ ರಕ್ತದ ವರದಿಯೂ ಹೆದರುವಂಥದ್ದಲ್ಲ ಎಂದರು. “ಇದು ಈಗಿನದನ್ನು ಮಾತ್ರ ಹೇಳುತ್ತದೆ. ಹಿಂದೆ ಮೈಗೆ ಹೋದದ್ದು ಎಂದೋ ಹೊರಗೆ ಹೋಗಿರುತ್ತದೆ. ಅದು ಏನು ಮಾಡಿಟ್ಟು ಹೋಗಿದೆ ಎಂಬುದು ಇದರಲ್ಲಿ ಕಾಣುವುದಿಲ್ಲ.”

ಮನೆಗೆ ಬಂದಾಗ ನೆರೆಯಾಕೆ ಪಾಯಸ ಮಾಡಿದ್ದರು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಅಪ್ಪ ಇರಲಿಲ್ಲ. ಬಿಸಿಲು ಇನ್ನೂ ಇಳಿಯದ ಬಾಲ್ಕನಿಯಲ್ಲಿ, ನೆಲದ ಮೇಲೆ ಕೂತಿದ್ದ. ಒಂಬತ್ತು ದಿನದಲ್ಲಿ ಮೊದಲ ಸಲ ನಾನಾಗಿ ಅವನ ಹತ್ತಿರ ಹೋದೆ.

“ಕೂಸಿಗೆ ಏನೂ ಆಗಿಲ್ಲಪ್ಪಾ. ಒಳಗ ಬಾ.”

“ಗೊತ್ತಾತು.” ಅವನು ಏಳಲಿಲ್ಲ. “ಅದು ಹೊಟ್ಟ್ಯಾಗಿನ ಕೂಸಿಗೆ ಹೋಗತೈತಿ ಅಂತ ನೀ ಅವತ್ತ ಹೇಳಿದೆಲ್ಲ, ಖರೇ ಏನು?”

“ಹೌದು.”

“ಹಂಗಾದ್ರ ಆ ಎರಡು?”

ಅವನು ಇಷ್ಟು ದಿನ ಇದನ್ನೇ ನುಂಗಿಕೊಂಡು ಕೂತಿದ್ದ ಎಂದು ನನಗೆ ಆಗ ತಿಳಿಯಿತು. ಆ ಎರಡು ಕೂಸುಗಳ ಸಲುವಾಗಿ ಅವ್ವ ಉಂಡ ಮಾತುಗಳು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದವು. ನಾನು ಹುಟ್ಟುವ ತನಕ ಓಣಿಯವರು ಅವಳನ್ನು ತೊಟ್ಟಿಲ ಶಾಸ್ತ್ರಕ್ಕೆ ಕರೆಯುತ್ತಿರಲಿಲ್ಲ. ನಾನು ದೊಡ್ಡವಳಾದ ಮೇಲೂ, ಜಗಳ ಬಂದಾಗ ಅಪ್ಪ “ನಿನ್ನ ಹೊಟ್ಟೀನ ಸರಿ ಇಲ್ಲ” ಎನ್ನುತ್ತಿದ್ದ. ಅವ್ವ ಆ ಮಾತಿಗೆ ಒಂದು ದಿನವೂ ತಿರುಗಿ ಅಂದವಳಲ್ಲ.

“ಅಪ್ಪಾ, ಆ ಕಾಲದಾಗ ಕೂಸು ಹೋಗಾಕ ನೂರು ಕಾರಣ ಇದ್ವು” ಎಂದೆ. “ನೀ ಅಲ್ಲಿ ಬಯಲಾಗ ಮಾಡ್ತಿದ್ದಿ, ಗಾಳಿ ಇತ್ತು. ಇಲ್ಲಿ ಎಲ್ಲಾ ಮುಚ್ಚಿತ್ತು, ಅದಕ್ಕ ಇಷ್ಟೆಲ್ಲಾ ಆತು. ಅದಕ್ಕೂ ಇದಕ್ಕೂ ಹೋಲಸಬ್ಯಾಡ.”

“ಡಾಕ್ಟರ್ ಮುಂದ ಸುಳ್ಳು ಹೇಳಿದೆ” ಎಂದ ಅಪ್ಪ. “ಬಯಲಾಗ ಹೆಂಗ ಮಾಡೋದು? ಗಣಿ ಪಾದರಸ, ಯಾರರ ನೋಡಿದ್ರ ನೌಕರಿ ಹೋಗತಿತ್ತು. ಅಡಗಿ ಮನ್ಯಾಗ ಮಾಡತಿದ್ದೆ, ಬಾಗಲಾ ಹಾಕಿ, ಕಿಂಡಿಗೆ ಗೋಣಿಚೀಲಾ ತುರಕಿ. ಉರಿ ಊದಾಕ ನಿಮ್ಮವ್ವ ಕೂಡತಿದ್ಲು. ಹೊಟ್ಟೀಲೆ ಇದ್ದಾಗೂ ಆಕಿನ ಊದಿದ್ದು.”

ನಾನು ಅವನ ಪಕ್ಕ ನೆಲದ ಮೇಲೆ ಕೂತೆ.

“ನೀ ಹೊಟ್ಟ್ಯಾಗ ಬರೋ ಹಿಂದಿನ ವರ್ಷ ಗಣ್ಯಾಗ ಆ ಹಲಗಿ ತೆಗದು ಹಾಕಿದ್ರು. ಪಾದರಸ ಮನಿಗಿ ಬರೋದು ನಿಂತಿತು. ಆಮ್ಯಾಲೆ ನೀ ಹುಟ್ಟಿದಿ, ಉಳದಿ.” ಅವನು ನನ್ನ ಮುಖ ನೋಡಿದ. “ನೀ ಕೆಮಿಸ್ಟ್ ಅದಿ. ಇದಕ್ಕೊಂದು ಟೆಸ್ಟ್ ಐತೇನು?”

“ಇಲ್ಲಪ್ಪಾ. ಖಾತ್ರಿ ಮಾಡಿ ಹೇಳಾಕ ಯಾರಿಗೂ ಆಗಂಗಿಲ್ಲ.”

“ನಿಮ್ಮವ್ವಗ ಫೋನ್ ಹಚ್ಚು.”

ಬೇಡವೆನ್ನಬೇಕೆನಿಸಿತು. ಅವ್ವ ಇಲ್ಲಿಗೆ ಬರಲಿ, ಎದುರು ಕೂತು ಮಾತಾಡಿದರಾಯಿತು ಎನ್ನಬೇಕೆನಿಸಿತು. ಅವನ ಕೈ ಚಾಚಿಯೇ ಇತ್ತು. ಹಚ್ಚಿ ಕೊಟ್ಟೆ. ಕಿವಿ ಮಂದವಾದ್ದರಿಂದ ಅವನು ಯಾವಾಗಲೂ ಸ್ಪೀಕರಿಗೆ ಹಾಕಿಯೇ ಮಾತಾಡುವುದು.

“ಕೂಸು ಚಲೋ ಐತಂತ, ಅಳಿಯಂದಿರು ಹೇಳಿದ್ರು” ಎಂದಳು ಅವ್ವ. “ಊಟಾತೇನು ನಿಮ್ದು?”

“ಕೇಳಿಲ್ಲಿ” ಎಂದ ಅಪ್ಪ. “ಆ ಎರಡು ಕೂಸು ಹೋಗಿದ್ದು ನಿನ್ನ ತಪ್ಪಲ್ಲ. ನಂದು. ಪಾದರಸದ ಹೊಗಿದು.”

ಆ ಕಡೆ ಎಲ್ಲೋ ಹಿನ್ನೆಲೆಯಲ್ಲಿ ನಲ್ಲಿಯ ನೀರು ಬೀಳುತ್ತಿತ್ತು, ಅದನ್ನು ಯಾರೋ ನಿಲ್ಲಿಸಿದರು. ಲೈನು ಕಡಿಯಿತೇನೋ ಎಂದು ಅಪ್ಪ ಫೋನನ್ನು ಮುಖದ ಹತ್ತಿರ ತಂದು ನೋಡಿದ.

“ಇಷ್ಟು ವರ್ಷ ಬೇಕಾತು ನಿಮಗ ಇದನ್ನ ಹೇಳಾಕ” ಎಂದಳು ಅವ್ವ. ದನಿಯಲ್ಲಿ ಅಳುವಿರಲಿಲ್ಲ. “ಎರಡನೇದು ಹೆಣ್ಣಾಗಿತ್ತು. ನೀವು ಒಳಗ ಬಂದು ಮುಖಾನೂ ನೋಡಲಿಲ್ಲ.”

ಅಪ್ಪ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

“ಈಗ ಹೇಳು. ಹೆಂಗಿತ್ತು ಕೂಸು?”

ಅವ್ವ ಹೇಳತೊಡಗಿದಳು. ನಾನು ಎದ್ದು ಒಳಗೆ ಬಂದು ಬಾಲ್ಕನಿಯ ಬಾಗಿಲು ಎಳೆದುಕೊಂಡೆ.